ರಾತ್ರಿ ಹಲ್ಲು ಕಚ್ಚಿ ದವಡೆ ಬಿಗಿಯುತ್ತಿದೆಯೇ? ಶುರು ಮಾಡಬೇಕಾದದ್ದು ಹಗಲಿನಿಂದ

ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುತ್ತದೆ. ಬಾಯಿ ಪೂರ್ತಿ ತೆರೆಯಲು ಒಂದೆರಡು ನಿಮಿಷ ಬೇಕಾಗುತ್ತದೆ. ಕಿವಿಯ ಮುಂದೆ ನೋವು, ಹಣೆಯ ಎರಡೂ ಪಕ್ಕ ಭಾರ. ರಾತ್ರಿಯಿಡೀ ಮಲಗಿದ್ದರೂ ಮುಖ ಮಾತ್ರ ದುಡಿದು ದಣಿದಿರುತ್ತದೆ. ಇಷ್ಟೂ ನಿಮಗೆ ಹೌದು ಅನ್ನಿಸಿದರೆ, ನಿದ್ದೆಯಲ್ಲಿ ನೀವು ಹಲ್ಲು ಕಚ್ಚುತ್ತಿರುವ ಸಾಧ್ಯತೆ ಜಾಸ್ತಿ.

ಇದು ಗೊತ್ತಾದ ಕೂಡಲೇ ಹೆಚ್ಚಿನವರು ನೇರವಾಗಿ ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ, ಹುಡುಕಲು ಹೊರಡುತ್ತಾರೆ. ಗಾರ್ಡ್ ಬೇಕಾಗಬಹುದು. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ. ಆದರೆ ಗಾರ್ಡ್ ಹಲ್ಲನ್ನು ಕಾಯುತ್ತದೆಯೇ ಹೊರತು ಕಚ್ಚುವುದನ್ನು ನಿಲ್ಲಿಸುವುದಿಲ್ಲ. ನಿದ್ದೆಯಲ್ಲಿ ನಡೆಯುವುದನ್ನು ನಿದ್ದೆಯಲ್ಲೇ ತಡೆಯುವುದು ನಮ್ಮ ಕೈಲಿಲ್ಲ. ಕೈಗೆ ಸಿಗುವುದು ಹಗಲು ಮತ್ತು ಸಂಜೆ ಮಾತ್ರ. ಅದಕ್ಕೇ ಇಲ್ಲಿನ ಹೆಚ್ಚಿನ ಕೆಲಸ ಎಚ್ಚರವಿರುವ ಹೊತ್ತಿನದ್ದು.

ಮೊದಲು, ಒಳಗೆ ಏನು ನಡೆಯುತ್ತಿದೆ

ಎರಡೂ ಕೈಯ ಬೆರಳುಗಳನ್ನು ಕೆನ್ನೆಯ ಹಿಂಭಾಗದಲ್ಲಿ, ದವಡೆಯ ಮೂಲೆಗೆ ಸ್ವಲ್ಪ ಮೇಲೆ ಇಟ್ಟು ಹಲ್ಲು ಕಚ್ಚಿ ನೋಡಿ. ಒಂದು ಗಂಟು ಉಬ್ಬುತ್ತದೆ. ಅದು ಮ್ಯಾಸೆಟರ್ ಸ್ನಾಯು. ಈಗ ಬೆರಳನ್ನು ಹಣೆಯ ಪಕ್ಕಕ್ಕೆ, ಕಿವಿಯ ಮೇಲ್ಭಾಗಕ್ಕೆ ತಂದು ಮತ್ತೆ ಕಚ್ಚಿ. ಅಲ್ಲೂ ಏನೋ ಅಲುಗುತ್ತದೆ. ಅದು ಟೆಂಪೊರಾಲಿಸ್. ದವಡೆ ಮುಚ್ಚುವ ಕೆಲಸದ ಬಹುಪಾಲು ಈ ಎರಡು ಜೋಡಿ ಸ್ನಾಯುಗಳದ್ದು. ಹಲ್ಲು ಕಚ್ಚುವವರಿಗೆ ತಲೆನೋವು ಹಣೆಯ ಪಕ್ಕದಲ್ಲೇ ಬರುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಕಿವಿಯ ಮುಂದೆಯೇ ದವಡೆಯ ಕೀಲು ಇರುವುದರಿಂದ ಎಷ್ಟೋ ಜನ ಇದನ್ನು ಕಿವಿನೋವು ಅಂದುಕೊಂಡು ಕಿವಿ ಡಾಕ್ಟರ ಹತ್ತಿರ ಹೋಗುತ್ತಾರೆ. ಕಿವಿಯಲ್ಲಿ ಏನೂ ಇರುವುದಿಲ್ಲ.

ನಿದ್ದೆ ರಾತ್ರಿಯಿಡೀ ಒಂದೇ ಸಮ ಇರುವುದಿಲ್ಲ. ಆಗಾಗ ಮೆದುಳು ಕೆಲವೇ ಸೆಕೆಂಡು ಎಚ್ಚರದ ಹತ್ತಿರ ಬಂದು ಮತ್ತೆ ಮುಳುಗುತ್ತದೆ. ನಮಗೆ ಅದು ನೆನಪಿರುವುದಿಲ್ಲ. ಆ ಸೆಕೆಂಡುಗಳಲ್ಲಿ ಮೊದಲು ಎದೆಬಡಿತ ಏರುತ್ತದೆ, ಉಸಿರು ಬದಲಾಗುತ್ತದೆ, ಅದರ ಹಿಂದೆಯೇ ದವಡೆಯ ಸ್ನಾಯುಗಳು ಬಿಗಿಯುತ್ತವೆ. ಹೆಚ್ಚಾಗಿ ಇದು ಹಗುರ ನಿದ್ದೆಯಲ್ಲಿ ಆಗುತ್ತದೆ. ಅಂದರೆ ಹಲ್ಲು ಕಚ್ಚುವುದು ಒಂದು ಸರಪಳಿಯ ಕೊನೆಯ ಕೊಂಡಿ. ನಿದ್ದೆಯನ್ನು ಚೂರುಚೂರು ಮಾಡುವ ಯಾವುದೇ ಆಗಲಿ, ಕಾಫಿಯೋ, ಮದ್ಯವೋ, ಗೊರಕೆಯೋ, ಚಿಂತೆಯೋ, ಈ ಕೊಂಡಿಯನ್ನು ಎಳೆಯಬಲ್ಲದು.

ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂರದಿರುವುದೇ ಕಾರಣ ಎಂದು ಹಿಂದೆ ನಂಬಿದ್ದರು. ಈಗ ಹಾಗೆ ಭಾವಿಸುವುದಿಲ್ಲ. ಹಾಗಾಗಿ ‘ಕಡಿತ ಸರಿಮಾಡಲು’ ಒಳ್ಳೆಯ ಹಲ್ಲುಗಳನ್ನು ಉಜ್ಜಿ ತಗ್ಗಿಸೋಣ ಎಂದು ಯಾರಾದರೂ ಮೊದಲ ಭೇಟಿಯಲ್ಲೇ ಹೇಳಿದರೆ, ಇನ್ನೊಬ್ಬ ಡೆಂಟಿಸ್ಟ್ ಅಭಿಪ್ರಾಯ ಕೇಳಿ. ಹಲ್ಲಿನ ಹೊರಗಿನ ಗಟ್ಟಿ ಪದರ, ಅಂದರೆ ಎನಾಮೆಲ್, ಹೋದರೆ ಮತ್ತೆ ಬೆಳೆಯುವುದಿಲ್ಲ.

ಇನ್ನೊಂದು ಸಮಾಧಾನದ ವಿಷಯ. 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೇಳಿದ್ದೇನೆಂದರೆ, ಆರೋಗ್ಯವಂತರಲ್ಲಿ ಹಲ್ಲು ಕಚ್ಚುವುದು ತಾನಾಗಿಯೇ ಒಂದು ಕಾಯಿಲೆ ಅಲ್ಲ. ಅದೊಂದು ಸ್ನಾಯು ಚಟುವಟಿಕೆ, ಕೆಲವರಿಗೆ ಅದರಿಂದ ಹಾನಿಯಾಗಬಹುದು ಅಷ್ಟೇ. ನೋವಿಲ್ಲ, ಹಲ್ಲು ಸವೆದಿಲ್ಲ, ನಿದ್ದೆ ಚೆನ್ನಾಗಿದೆ ಅಂದರೆ ಸುಮ್ನೆ ಬಿಟ್ಟರೂ ನಡೆಯುತ್ತದೆ.

ಹೆಜ್ಜೆ 1: ಕನ್ನಡಿ ಮುಂದೆ ಐದು ನಿಮಿಷ

ಒಳ್ಳೆಯ ಬೆಳಕಿನಲ್ಲಿ ನಿಂತು ನಾಲಿಗೆ ಹೊರಗೆ ಚಾಚಿ. ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿ ಅಲೆಅಲೆಯಾಗಿದೆಯೇ ನೋಡಿ. ಕೆನ್ನೆಯ ಒಳಭಾಗವನ್ನು ಬೆರಳಿನಿಂದ ಎಳೆದು ನೋಡಿ. ಹಲ್ಲುಗಳು ಸೇರುವ ಮಟ್ಟದಲ್ಲಿ ಒಂದು ಬಿಳಿ ಗೆರೆ ಕಾಣಬಹುದು. ಮುಂದಿನ ಹಲ್ಲುಗಳ ತುದಿ ಚಪ್ಪಟೆಯಾಗಿದೆಯೇ, ಎಲ್ಲಾದರೂ ಚಕ್ಕೆ ಹಾರಿದೆಯೇ, ತಣ್ಣನೆಯ ನೀರಿಗೆ ಹಲ್ಲು ಜುಮ್ ಅನ್ನುತ್ತದೆಯೇ, ಹಾಕಿಸಿದ ಫಿಲ್ಲಿಂಗ್ ಪದೇಪದೇ ಒಡೆಯುತ್ತಿದೆಯೇ ಗಮನಿಸಿ. ಇವುಗಳಲ್ಲಿ ಒಂದೇ ಇದ್ದರೆ ಅದಕ್ಕೆ ಬೇರೆ ಕಾರಣವೂ ಇರಬಹುದು. ಮೂರು ನಾಲ್ಕು ಸೇರಿದರೆ ಅನುಮಾನ ಗಟ್ಟಿಯಾಗುತ್ತದೆ.

ಆಮೇಲೆ ಬೆರಳಿನ ಪರೀಕ್ಷೆ. ಬಾಯಿ ತೆರೆದು ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ. ಮೂರೂ ಹಿಡಿದರೆ ಬಾಯಿ ಸಾಕಷ್ಟು ತೆರೆಯುತ್ತಿದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 40 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಎರಡೇ ಬೆರಳು ಹಿಡಿಯುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಡಾಕ್ಟರಿಗೆ ಬೇಕಾಗುವ ವಿಷಯ. ಬಾಯಿ ತೆರೆಯುವಾಗ ಕೀಲಿನಲ್ಲಿ ಟಕ್ ಎಂಬ ಸದ್ದು ಬಂದರೆ ಗಾಬರಿ ಬೇಡ. ನೋವಿಲ್ಲದ ಸದ್ದು ತುಂಬಾ ಜನರಲ್ಲಿ ಇರುತ್ತದೆ, ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ಪಕ್ಕದಲ್ಲಿ ಮಲಗುವವರನ್ನೂ ಕೇಳಿ. ಆದರೆ ‘ಏನೂ ಸದ್ದು ಕೇಳಲಿಲ್ಲ’ ಅಂದರೆ ಅಲ್ಲಿಗೆ ಮುಗಿಯಲಿಲ್ಲ. ಹಲ್ಲು ಉಜ್ಜಿ ಕಡಿಯುವವರ ಸದ್ದು ಜೋರಾಗಿ ಕೇಳುತ್ತದೆ. ಸುಮ್ಮನೆ ಬಿಗಿಯಾಗಿ ಕಚ್ಚುವವರು ಸದ್ದೇ ಮಾಡುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನು ಕೇಳುವುದಾದರೆ ನಿಮಗೆ ಗೊರಕೆ ಉಂಟೇ, ನಿಮ್ಮ ಉಸಿರು ನಡುನಡುವೆ ನಿಲ್ಲುತ್ತದೆಯೇ ಅಂತ ಕೇಳಿ. ಆ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡು ವಾರ ಒಂದು ಚಿಕ್ಕ ಪಟ್ಟಿ ಇಟ್ಟುಕೊಳ್ಳಿ. ಬೆಳಿಗ್ಗೆ ನೋವು 10ಕ್ಕೆ ಎಷ್ಟು, ಸಂಜೆ ಎಷ್ಟು, ಹಿಂದಿನ ದಿನ ಕಾಫಿ-ಟೀ ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ, ಮದ್ಯ ಇತ್ತೇ, ಮಲಗಿದ್ದು ಯಾವಾಗ. ಇಷ್ಟು ಸಾಕು. ನೋವು ಬೆಳಿಗ್ಗೆಯೇ ಜಾಸ್ತಿ ಇದ್ದು ಆಮೇಲೆ ಇಳಿದರೆ ರಾತ್ರಿಯ ಪಾಲು ದೊಡ್ಡದು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಏರಿದರೆ ನೀವು ಹಗಲಲ್ಲೇ ಕಚ್ಚುತ್ತಿದ್ದೀರಿ. ಎಷ್ಟೋ ಜನರಲ್ಲಿ ಎರಡೂ ಇರುತ್ತವೆ. ಹಗಲಿನದ್ದು ಅವರಿಗೇ ಗೊತ್ತಿರುವುದಿಲ್ಲ.

ಹೆಜ್ಜೆ 2: ಇವು ಇದ್ದರೆ ಮನೆಮದ್ದು ಬೇಡ

ದವಡೆ ನೋವೆಲ್ಲ ಹಲ್ಲು ಕಚ್ಚುವುದರಿಂದಲೇ ಬರುವುದಿಲ್ಲ. ಈ ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಮುಂದೆ ಓದುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

- ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬರುವುದು. ಜೊತೆಗೆ ಎದೆ ಬಿಗಿತ, ಬೆವರು, ಉಸಿರಾಟಕ್ಕೆ ಕಷ್ಟ. ಇದು ಹೃದಯದ್ದಿರಬಹುದು. ತುರ್ತು ಚಿಕಿತ್ಸೆ ಬೇಕು.
- ವಯಸ್ಸು 50 ದಾಟಿದೆ, ಹೊಸದಾಗಿ ತಲೆನೋವು ಶುರುವಾಗಿದೆ, ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುತ್ತದೆ, ತಲೆ ಬಾಚಿದರೆ ನೋವು, ಕಣ್ಣು ಮಂಜು. ಇದು ತಲೆಯ ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ದೃಷ್ಟಿ ಹೋಗುವ ಅಪಾಯವಿದೆ. ಅದೇ ದಿನ ತೋರಿಸಿ.
- ಬಾಯಿ ಇದ್ದಕ್ಕಿದ್ದಂತೆ ಲಾಕ್ ಆಗಿ ತೆರೆಯಲು ಅಥವಾ ಮುಚ್ಚಲು ಆಗದಿರುವುದು.
- ಮುಖದಲ್ಲಿ ಊತ, ಜ್ವರ, ನುಂಗಲು ಕಷ್ಟ.
- ಗಾಯವಾದ ಕೆಲವು ದಿನ ಅಥವಾ ವಾರಗಳ ನಂತರ ದವಡೆ ಸೆಟೆದುಕೊಳ್ಳುತ್ತಾ ಬರುವುದು. ಧನುರ್ವಾಯು ಶುರುವಾಗುವುದು ಹೀಗೆಯೇ.
- ಮುಖದ ಒಂದು ಭಾಗ ಮರಗಟ್ಟಿರುವುದು.

ಹೆಜ್ಜೆ 3: ಹಗಲಲ್ಲಿ ಹಲ್ಲು ಬಿಡಿಸುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಖರ್ಚಿಲ್ಲ, ಉಪಕರಣ ಬೇಕಿಲ್ಲ. ಬಹುಶಃ ಅದಕ್ಕೇ ಯಾರೂ ಸರಿಯಾಗಿ ಮಾಡುವುದಿಲ್ಲ.

ಈಗ ಇದನ್ನು ಓದುತ್ತಿರುವಾಗ ನಿಮ್ಮ ಹಲ್ಲುಗಳು ಎಲ್ಲಿವೆ? ಮೇಲಿನವು ಕೆಳಗಿನವಕ್ಕೆ ತಾಗಿವೆಯೇ? ತಾಗಿದ್ದರೆ ಅದು ಸಹಜ ಸ್ಥಿತಿ ಅಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನಿರುವಾಗ ಹಲ್ಲುಗಳ ನಡುವೆ 2ರಿಂದ 4 ಮಿ.ಮೀ. ಜಾಗ ಇರಬೇಕು. ಹಲ್ಲುಗಳು ಒಂದಕ್ಕೊಂದು ತಾಗಬೇಕಾದದ್ದು ಅಗಿಯುವಾಗ ಮತ್ತು ನುಂಗುವಾಗ ಮಾತ್ರ. ಇಡೀ ದಿನದ್ದು ಕೂಡಿಸಿದರೂ ಅದು ಸುಮಾರು 20 ನಿಮಿಷ ದಾಟುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಎರಡು ಗಂಟೆ ಹಲ್ಲು ತಾಗಿಸಿಕೊಂಡೇ ಇದ್ದವರು ಆ ಸ್ನಾಯುಗಳನ್ನು ಎಷ್ಟು ದುಡಿಸಿದ್ದಾರೆ ಲೆಕ್ಕ ಹಾಕಿ. ಜೋರಾಗಿ ಕಚ್ಚಬೇಕೆಂದೇನೂ ಇಲ್ಲ. ಮೆಲ್ಲಗೆ ತಾಗಿಸಿಕೊಂಡಿದ್ದರೂ ಸ್ನಾಯು ಕೆಲಸ ಮಾಡುತ್ತಲೇ ಇರುತ್ತದೆ.

ಸರಿಯಾದ ಸ್ಥಿತಿ ಹೀಗೆ: ತುಟಿ ಮುಚ್ಚಿರಲಿ, ಹಲ್ಲು ಬಿಡಿಯಾಗಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಲಿ. ಉಸಿರು ಮೂಗಿನಿಂದ. ನಾಲಿಗೆಯನ್ನು ಒತ್ತಬೇಡಿ, ಸುಮ್ನೆ ಇಡಿ. ಸಿಗದಿದ್ದರೆ ‘ನ’ ಎಂದು ಹೇಳಿ ಅಲ್ಲೇ ನಿಲ್ಲಿ. ನಾಲಿಗೆ ತಾನಾಗಿಯೇ ಸರಿಯಾದ ಜಾಗದಲ್ಲಿರುತ್ತದೆ, ಹಲ್ಲೂ ಬಿಟ್ಟಿರುತ್ತದೆ.

ತಿಳಿದುಕೊಳ್ಳುವುದು ಸುಲಭ. ನೆನಪಿಟ್ಟುಕೊಳ್ಳುವುದೇ ಕಷ್ಟ. ‘ಇವತ್ತಿನಿಂದ ಕಚ್ಚಬಾರದು’ ಎಂದು ನಿರ್ಧರಿಸಿದರೆ ಹತ್ತು ನಿಮಿಷವೂ ನಡೆಯುವುದಿಲ್ಲ. ಗುರುತುಗಳು ಬೇಕು. ಕಂಪ್ಯೂಟರಿನ ಅಂಚಿಗೆ, ಫೋನಿನ ಹಿಂದೆ, ಸ್ಟೀರಿಂಗ್ ಹತ್ತಿರ, ಅಡುಗೆಮನೆಯ ಗೋಡೆಗೆ ಬಣ್ಣದ ಚಿಕ್ಕ ಸ್ಟಿಕ್ಕರ್ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ: ಹಲ್ಲು ಎಲ್ಲಿದೆ? ತಾಗಿದ್ದರೆ ಬಾಯಿಂದ ಒಂದು ಉಸಿರು ‘ಹೂಂ’ ಎಂದು ಬಿಟ್ಟು, ಭುಜ ಇಳಿಸಿ, ನಾಲಿಗೆಯನ್ನು ಅದರ ಜಾಗಕ್ಕೆ ತನ್ನಿ. ಐದು ಸೆಕೆಂಡಿನ ಕೆಲಸ. ಫೋನಿನಲ್ಲಿ ಗಂಟೆಗೊಮ್ಮೆ ಅಲಾರಂ ಇಟ್ಟರೂ ಆದೀತು. ಆದರೆ ಅಲಾರಂಗೆ ಬೇಗ ಒಗ್ಗಿಹೋಗುತ್ತೇವೆ. ಹಾಗಾಗಿ ವಾರಕ್ಕೊಮ್ಮೆ ಹೊತ್ತು ಬದಲಿಸಿ. ಸ್ಟಿಕ್ಕರ್ ಜಾಗವನ್ನೂ ಅಷ್ಟೇ.

ಯಾವ ಕೆಲಸದಲ್ಲಿ ಹೆಚ್ಚು ಕಚ್ಚುತ್ತೀರಿ ಎಂಬುದು ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಕೆಲವರಿಗೆ ಗಾಡಿ ಓಡಿಸುವಾಗ. ಕೆಲವರಿಗೆ ಸೂಜಿಗೆ ದಾರ ಪೋಣಿಸುವಂಥ ಸೂಕ್ಷ್ಮ ಕೆಲಸದಲ್ಲಿ. ಭಾರ ಎತ್ತುವಾಗ ಕಚ್ಚುವವರೂ ಜಾಸ್ತಿ, ಅದರಲ್ಲೂ ಜಿಮ್‌ಗೆ ಹೋಗುವವರು. ಎಲ್ಲ ಹೊತ್ತೂ ಕಾಯುವುದಕ್ಕಿಂತ ಆ ಒಂದೆರಡು ಸಂದರ್ಭವನ್ನೇ ಗುರಿ ಮಾಡಿಕೊಳ್ಳಿ.

ಜೊತೆಗೆ ದವಡೆಗೆ ಸುಮ್ಮನೆ ಕೆಲಸ ಕೊಡುವ ಚಟಗಳನ್ನು ಬಿಡಿ: ಚ್ಯೂಯಿಂಗ್ ಗಮ್, ಉಗುರು ಕಚ್ಚುವುದು, ಪೆನ್ನಿನ ತುದಿ ಅಗಿಯುವುದು, ಗಲ್ಲಕ್ಕೆ ಕೈ ಕೊಟ್ಟು ಕೂರುವುದು, ಫೋನನ್ನು ಭುಜ ಮತ್ತು ಕೆನ್ನೆಯ ನಡುವೆ ಸಿಕ್ಕಿಸಿಕೊಂಡು ಮಾತಾಡುವುದು.

ಹಗಲಿನ ಅಭ್ಯಾಸ ಸರಿಹೋದರೆ ರಾತ್ರಿಯದ್ದು ಪೂರ್ತಿ ನಿಂತುಬಿಡುತ್ತದೆಯೇ? ಹಾಗೆ ಮಾತು ಕೊಡಲಾಗದು. ಎರಡರ ಮೂಲ ಸ್ವಲ್ಪ ಬೇರೆ. ಆದರೆ ಸ್ನಾಯುವಿಗೆ ಹಗಲಿನ ಹನ್ನೆರಡು ಹದಿನಾಲ್ಕು ಗಂಟೆ ವಿಶ್ರಾಂತಿ ಸಿಕ್ಕರೆ ರಾತ್ರಿಯ ದುಡಿತವನ್ನು ಅದು ತಡೆದುಕೊಳ್ಳುತ್ತದೆ. ನೋವು ಇಳಿಯುವುದು ಬಹಳಷ್ಟು ಸಲ ಇಲ್ಲಿಂದಲೇ.

ಹೆಜ್ಜೆ 4: ಸಂಜೆಯ ಲೆಕ್ಕಾಚಾರ

ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ನಿಮ್ಮೊಳಗೆ ಇರುತ್ತದೆ. ಮಧ್ಯಾಹ್ನ ಊಟದ ನಂತರ ಕಾಫಿ, ಟೀ, ಎನರ್ಜಿ ಡ್ರಿಂಕ್ ನಿಲ್ಲಿಸಿ ಎರಡು ವಾರ ನೋಡಿ. ಪಟ್ಟಿಯಲ್ಲಿ ವ್ಯತ್ಯಾಸ ಕಾಣದಿದ್ದರೆ ಮತ್ತೆ ಶುರು ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ಮದ್ಯದ ಆಟ ಬೇರೆ. ಬೇಗ ನಿದ್ದೆ ಬರಿಸುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಕೆಡಿಸುತ್ತದೆ. ಗೊರಕೆಯನ್ನೂ ಹೆಚ್ಚಿಸುತ್ತದೆ. ಸಿಗರೇಟು ಸೇದುವವರಲ್ಲಿ ಹಲ್ಲು ಕಡಿಯುವುದು ಜಾಸ್ತಿ ಕಾಣುತ್ತದೆ. ನಿಕೋಟಿನ್ ಕೂಡ ಮೆದುಳನ್ನು ಎಬ್ಬಿಸುವ ವಸ್ತುವೇ.

ಮಲಗುವ ಮುಂಚಿನ ಅರ್ಧ ಗಂಟೆ ದವಡೆಗೆ ಮೀಸಲಿಡಿ. ಒಂದು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಚರ್ಮಕ್ಕೆ ಹಿತವಾಗುವಷ್ಟು ಬಿಸಿ ಇರುವಾಗ ಎರಡೂ ಕೆನ್ನೆಗೆ 15ರಿಂದ 20 ನಿಮಿಷ ಇಟ್ಟುಕೊಳ್ಳಿ. ತಣ್ಣಗಾದರೆ ಮತ್ತೆ ಅದ್ದಿ. ಆಮೇಲೆ ಎರಡು ಬೆರಳಿನಿಂದ ಮ್ಯಾಸೆಟರ್ ಮೇಲೆ ನಿಧಾನವಾಗಿ ಸುತ್ತುತ್ತಾ ಕೆನ್ನೆಯ ಎಲುಬಿನಿಂದ ದವಡೆಯ ಮೂಲೆಯವರೆಗೆ ಇಳಿಸಿ. ನೋಯುವ ಗಂಟು ಸಿಕ್ಕಿದರೆ ಅಲ್ಲಿ ಅರ್ಧ ನಿಮಿಷ ಹಿತವಾಗಿ ಒತ್ತಿ ಹಿಡಿಯಿರಿ. ಮಾಡುವಾಗ ಹಲ್ಲು ಬಿಡಿಯಾಗಿರಲಿ. ಇದನ್ನು ಮರೆತು ಹಲ್ಲು ಕಚ್ಚಿಕೊಂಡೇ ಉಜ್ಜುವವರನ್ನು ನೋಡಿದರೆ ನಗು ಬರುತ್ತದೆ, ಆದರೆ ಮೊದಲ ದಿನ ಎಲ್ಲರೂ ಮಾಡುವುದೇ ಅದು.

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ಬೆಳೆಸಿದ ಒಂದು ವಿಧಾನವಿದೆ. ಕಾಲಿನಿಂದ ಶುರುಮಾಡಿ ಒಂದೊಂದೇ ಸ್ನಾಯುವನ್ನು ಕೆಲವು ಸೆಕೆಂಡು ಬಿಗಿಹಿಡಿದು ಬಿಡುತ್ತಾ ಮೇಲೆ ಬರುವುದು. ಬಿಗಿತ ಮತ್ತು ಸಡಿಲದ ವ್ಯತ್ಯಾಸ ದೇಹಕ್ಕೆ ತಿಳಿಯುತ್ತದೆ. ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದು. ನೀವು ಮಾತ್ರ ಮುಖಕ್ಕೆ ಬಂದಾಗ ಹಲ್ಲು ಕಚ್ಚುವ ಭಾಗವನ್ನು ಬಿಟ್ಟುಬಿಡಿ. ಹಣೆ ಗಂಟಿಕ್ಕಿ ಬಿಡಿ, ಕಣ್ಣು ಬಿಗಿದು ಬಿಡಿ, ಸಾಕು. ನಿಮ್ಮ ದವಡೆಗೆ ಕಚ್ಚುವ ಅಭ್ಯಾಸ ಮಾಡಿಸಬೇಕಾದ್ದಿಲ್ಲ.

ಬೋರಲು ಮಲಗುವವರ ದವಡೆ ರಾತ್ರಿಯಿಡೀ ಒಂದು ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಅಂಗಾತ ಅಥವಾ ಮಗ್ಗುಲಾಗಿ ಮಲಗಲು ಪ್ರಯತ್ನಿಸಿ. ಗೊರಕೆ ಇರುವವರಿಗೆ ಅಂಗಾತಕ್ಕಿಂತ ಮಗ್ಗುಲೇ ಒಳ್ಳೆಯದು.

ಹೆಜ್ಜೆ 5: ಎರಡು ವ್ಯಾಯಾಮ, ಸ್ವಲ್ಪ ಮೆತ್ತಗಿನ ಊಟ

ವ್ಯಾಯಾಮ ಜೋರಾಗಿ ಮಾಡುವುದಲ್ಲ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.

ಒಂದು: ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿಕೊಂಡೇ ಬಾಯಿಯನ್ನು ನಿಧಾನವಾಗಿ ತೆರೆಯಿರಿ. ನಾಲಿಗೆ ಬಿಡುವ ಹಂತ ಬಂದಾಗ ನಿಂತು, ನಿಧಾನವಾಗಿ ಮುಚ್ಚಿ. ಹೀಗೆ 6 ಸಲ. ಕನ್ನಡಿ ಮುಂದೆ ಮಾಡಿದರೆ ಗಲ್ಲ ಒಂದು ಪಕ್ಕಕ್ಕೆ ಓಡುತ್ತಿದೆಯೇ ಕಾಣುತ್ತದೆ. ನೇರವಾಗಿ ಇಳಿಯುವಂತೆ ನೋಡಿಕೊಳ್ಳಿ.

ಎರಡು: ಹೆಬ್ಬೆರಳನ್ನು ಗಲ್ಲದ ಕೆಳಗಿಟ್ಟು ಹಗುರವಾಗಿ ಮೇಲೆ ಒತ್ತಿ. ಆ ಒತ್ತಡದ ವಿರುದ್ಧ ಬಾಯಿಯನ್ನು ಸ್ವಲ್ಪವೇ ತೆರೆದು 5 ಸೆಕೆಂಡು ನಿಲ್ಲಿ. ಇದೂ 6 ಸಲ. ಬಾಯಿ ತೆರೆಯುವ ಸ್ನಾಯು ಕೆಲಸ ಮಾಡುವಾಗ ಮುಚ್ಚುವ ಸ್ನಾಯು ಸಡಿಲವಾಗುತ್ತದೆ.

ದಿನಕ್ಕೆ ನಾಲ್ಕೈದು ಬಾರಿ ಮಾಡಿದರೆ ಸಾಕು. ನೋವು ಜಾಸ್ತಿ ಇರುವ ದಿನಗಳಲ್ಲಿ ಗಟ್ಟಿ, ಅಂಟು ಪದಾರ್ಥ ಬಿಟ್ಟು ಮೆತ್ತಗಿನದ್ದು ತಿನ್ನಿ, ತುತ್ತು ಚಿಕ್ಕದಿರಲಿ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಇಟ್ಟು ಬಾಯಿ ಪೂರ್ತಿ ಅಗಲವಾಗದಂತೆ ತಡೆಯಿರಿ.

ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೆನ್ ನುಂಗುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಮಾತ್ರೆ ನುಂಗುತ್ತಾ ಬಂದರೆ ಮಾತ್ರೆಯೇ ತಲೆನೋವು ತರಬಹುದು.

ಹೆಜ್ಜೆ 6: ಹಿಂದೆ ಬೇರೇನಾದರೂ ಇದೆಯೇ

ಟೆನ್ಷನ್ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ಸರಿಮಾಡಬಹುದಾದ ಬೇರೆ ಕಾರಣಗಳು ಕಣ್ಣಿಗೆ ಬೀಳುವುದೇ ಇಲ್ಲ. ಮೂರನ್ನು ನೋಡಲೇಬೇಕು.

ಮೊದಲನೆಯದು ಮಾತ್ರೆಗಳು. ಖಿನ್ನತೆ, ಆತಂಕಕ್ಕೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಕೆಲವರಲ್ಲಿ ಹಲ್ಲು ಕಚ್ಚುವುದನ್ನು ಶುರು ಮಾಡುತ್ತವೆ. ಸಾಮಾನ್ಯವಾಗಿ ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ. ಏಕಾಗ್ರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಕೂಡ. ದವಡೆ ಬಿಗಿತ ಶುರುವಾದ ತಿಂಗಳು ಮತ್ತು ಮಾತ್ರೆ ಶುರುವಾದ ತಿಂಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಂದಿಕೆಯಾದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಡೋಸ್ ಇಳಿಸುವುದು, ಮಾತ್ರೆ ಬದಲಿಸುವುದು, ಜೊತೆಗೆ ಇನ್ನೊಂದು ಸೇರಿಸುವುದು, ಹೀಗೆ ದಾರಿಗಳಿವೆ. ನೀವೇ ನಿಲ್ಲಿಸಬೇಡಿ. ಇದ್ದಕ್ಕಿದ್ದಂತೆ ಬಿಟ್ಟರೆ ಆಗುವ ತೊಂದರೆ ದವಡೆ ನೋವಿಗಿಂತ ದೊಡ್ಡದು.

ಎರಡನೆಯದು ಉಸಿರು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ತಟ್ಟನೆ ಎಳೆದುಕೊಳ್ಳುವುದು, ಬೆಳಿಗ್ಗೆ ಬಾಯಿ ಒಣಗಿರುವುದು, ಹಗಲೆಲ್ಲ ತೂಕಡಿಕೆ, ಬಿಪಿ ಜಾಸ್ತಿ ಇರುವುದು. ಇವು ಸ್ಲೀಪ್ ಅಪ್ನಿಯಾದ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆಯ, ಲಕ್ಷಣಗಳು. ಇದಿದ್ದರೆ ನಿದ್ದೆ ಪರೀಕ್ಷೆ ಮೊದಲು, ಗಾರ್ಡ್ ಆಮೇಲೆ. ಯಾಕೆಂದರೆ ಮಾಮೂಲಿ ಗಾರ್ಡ್ ಹಾಕಿದರೆ ಕೆಲವರಲ್ಲಿ ಉಸಿರಿನ ತೊಂದರೆ ಇನ್ನೂ ಹೆಚ್ಚಾಗಬಹುದು. ಅಂಥವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬೇರೆ ಬಗೆಯ ಸಾಧನವಿದೆ. ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವೂ ಇದೆ.

ಮೂರನೆಯದು ಹೊಟ್ಟೆಯ ಹುಳಿ ಮೇಲೇರುವುದು. ರಾತ್ರಿ ಗಂಟಲಿಗೆ ಹುಳಿ ಬರುವವರ ಹಲ್ಲಿನ ಎನಾಮೆಲ್ ಮೆತ್ತಗಾಗುತ್ತದೆ. ಅದರ ಮೇಲೆ ಕಡಿದರೆ ಸವೆತ ಬಹಳ ಬೇಗ. ಮಲಗುವ ಮೂರು ಗಂಟೆ ಮುಂಚೆ ಊಟ ಮುಗಿಸಿ, ಮಂಚದ ತಲೆಕಡೆಯ ಕಾಲುಗಳನ್ನು 15ರಿಂದ 20 ಸೆಂ.ಮೀ. ಎತ್ತರಿಸಿ, ಎಡಮಗ್ಗುಲಿಗೆ ಮಲಗಿ. ಹುಳಿ ಬಂದ ಕೂಡಲೇ ಹಲ್ಲುಜ್ಜಬೇಡಿ. ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿ.

ಇವು ಯಾವುದೂ ಇಲ್ಲ, ಚಿಂತೆಯೇ ಜಾಸ್ತಿ ಅನ್ನಿಸಿದರೆ ಕೌನ್ಸೆಲಿಂಗ್ ಒಳ್ಳೆಯ ದಾರಿ. ದವಡೆ ನೋವಿಗೆ ಅಲ್ಲಿಗೆ ಹೋಗುವುದಾ ಅಂತ ಹಿಂಜರಿಯಬೇಡಿ. ಹಳೆಯ ದವಡೆ ನೋವಿನ ಚಿಕಿತ್ಸೆಯಲ್ಲಿ ಅದಕ್ಕೂ ಜಾಗವಿದೆ.

ಹೆಜ್ಜೆ 7: ಡೆಂಟಿಸ್ಟ್ ಮತ್ತು ನೈಟ್ ಗಾರ್ಡ್

ಹಲ್ಲು ಸವೆಯುತ್ತಿದ್ದರೆ, ಚಕ್ಕೆ ಹಾರುತ್ತಿದ್ದರೆ, ಕ್ರೌನ್ (ಹಲ್ಲಿನ ಮೇಲೆ ಕೂರಿಸಿದ ಟೋಪಿ) ಅಥವಾ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸಿದ ಕೃತಕ ಹಲ್ಲು) ಇದ್ದರೆ ಗಾರ್ಡ್ ಬೇಗ ಮಾಡಿಸುವುದು ಜಾಣತನ. ಸಹಜ ಹಲ್ಲಿನ ಬೇರಿನ ಸುತ್ತ ತೆಳುವಾದ ನಾರಿನ ಪದರ ಇರುತ್ತದೆ, ಅದು ಒತ್ತಡವನ್ನು ಹೀರಿಕೊಳ್ಳುತ್ತದೆ. ಇಂಪ್ಲಾಂಟ್‌ಗೆ ಅದಿಲ್ಲ, ನೇರ ಮೂಳೆಗೆ ಕಚ್ಚಿಕೊಂಡಿರುತ್ತದೆ.

ಒಳ್ಳೆಯ ಗಾರ್ಡ್ ಅಂದರೆ ನಿಮ್ಮ ಬಾಯಿಯ ಅಚ್ಚು ಅಥವಾ ಸ್ಕ್ಯಾನ್ ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿದ್ದು. ಒಂದು ಸಾಲಿನ ಎಲ್ಲ ಹಲ್ಲುಗಳನ್ನೂ ಮುಚ್ಚಿರಬೇಕು. ಕಚ್ಚಿದಾಗ ಎಲ್ಲ ಕಡೆ ಸಮವಾಗಿ ತಾಗಬೇಕು. ಡೆಂಟಿಸ್ಟ್ ಬಣ್ಣದ ಕಾಗದ ಕಚ್ಚಿಸಿ, ಉಜ್ಜಿ, ಮತ್ತೆ ಕಚ್ಚಿಸಿ ಸರಿಮಾಡುತ್ತಾರೆ. ಆ ಕೆಲಸಕ್ಕೆ ಸಮಯ ಕೊಡದೆ ಬಾಯಿಗೆ ತುರುಕಿ ಕಳಿಸಿದರೆ ಸರಿಯಾಗಿ ಕೂತಿಲ್ಲ ಎಂದೇ ತಿಳಿಯಿರಿ.

ಬಿಸಿನೀರಿನಲ್ಲಿ ಅದ್ದಿ ನಾವೇ ಕಚ್ಚಿ ಅಚ್ಚು ಮಾಡಿಕೊಳ್ಳುವ ಮೆತ್ತಗಿನ ಗಾರ್ಡ್ ಅಗ್ಗ. ಕೆಲವು ವಾರದ ಮಟ್ಟಿಗೆ ಆದೀತು. ಆದರೆ ಮೆತ್ತಗಿನದ್ದು ಬಾಯಲ್ಲಿದ್ದರೆ ಅಗಿಯಬೇಕು ಅನ್ನಿಸುತ್ತದೆ, ಕೆಲವರು ಇನ್ನೂ ಜಾಸ್ತಿ ಕಚ್ಚುತ್ತಾರೆ. ಹಾಕಿಕೊಂಡ ಮೇಲೆ ಬೆಳಗಿನ ನೋವು ಏರಿದರೆ ತೆಗೆದಿಡಿ. ಮುಂದಿನ ನಾಲ್ಕೈದು ಹಲ್ಲಿಗೆ ಮಾತ್ರ ಕೂರುವ ಚಿಕ್ಕ ಸಾಧನಗಳೂ ಇವೆ. ಬಹಳ ಕಾಲ ಹಾಕಿದರೆ ಆಧಾರವಿಲ್ಲದ ಹಲ್ಲುಗಳು ಜಾಗ ಬದಲಿಸಬಹುದು. ಡೆಂಟಿಸ್ಟ್ ಕಣ್ಣಳತೆಯಲ್ಲಿ ಇರುವವರಿಗೆ ಮಾತ್ರ ಅವು ಸರಿ.

ಮೊದಲ ಕೆಲವು ರಾತ್ರಿ ಬಾಯಲ್ಲಿ ಜೊಲ್ಲು ತುಂಬುತ್ತದೆ, ನಿದ್ದೆಯಲ್ಲೇ ಕಿತ್ತು ಎಸೆದಿರುತ್ತೀರಿ. ಸಂಜೆ ಟಿವಿ ನೋಡುವಾಗ ಒಂದರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿ. ಬೆಳಿಗ್ಗೆ ತೆಗೆದ ಮೇಲೆ ಕೆಲವು ನಿಮಿಷ ಹಲ್ಲು ಸರಿಯಾಗಿ ಕೂರುತ್ತಿಲ್ಲ ಅನ್ನಿಸುವುದು ಸಹಜ. ಅದು ಗಂಟೆಗಟ್ಟಲೆ ಉಳಿದರೆ ಡೆಂಟಿಸ್ಟ್‌ಗೆ ತಿಳಿಸಿ. ತಣ್ಣೀರು ಮತ್ತು ಮೆತ್ತಗಿನ ಬ್ರಷ್‌ನಿಂದ ತೊಳೆಯಿರಿ. ಬಿಸಿನೀರು ಹಾಕಿದರೆ ಆಕಾರ ಕೆಡುತ್ತದೆ. ಒರೆಸಿ ಒಣಗಿಸಿ ಗಾಳಿಯಾಡುವ ಡಬ್ಬಿಯಲ್ಲಿಡಿ. ಪ್ರತಿ ತಪಾಸಣೆಗೂ ಜೊತೆಗೆ ಒಯ್ಯಿರಿ. ಗಾರ್ಡ್ ಮೇಲಿನ ಗೀರುಗಳನ್ನು ನೋಡಿದರೆ ನೀವು ಎಲ್ಲಿ, ಎಷ್ಟು ಕಡಿಯುತ್ತಿದ್ದೀರಿ ಅಂತ ಅವರಿಗೆ ಅಂದಾಜಾಗುತ್ತದೆ. ಹೊಸ ಕ್ರೌನ್ ಅಥವಾ ಫಿಲ್ಲಿಂಗ್ ಆದರೆ ಗಾರ್ಡನ್ನೂ ಸರಿಹೊಂದಿಸಬೇಕು.

ಬೊಟಾಕ್ಸ್, ಮೆಗ್ನೀಸಿಯಂ ಇತ್ಯಾದಿ

ಬೊಟಾಕ್ಸ್ ಚುಚ್ಚುಮದ್ದು ಮ್ಯಾಸೆಟರ್‌ನ ಬಲ ಕುಗ್ಗಿಸುತ್ತದೆ. ಮೆದುಳು ಕಚ್ಚು ಎಂದು ಹೇಳುವುದನ್ನು ನಿಲ್ಲಿಸುವುದಿಲ್ಲ. ಪರಿಣಾಮ ಸುಮಾರು ಮೂರು ನಾಲ್ಕು ತಿಂಗಳು, ಆಮೇಲೆ ಮತ್ತೆ ಚುಚ್ಚಿಸಬೇಕು. ಅಗಿಯುವ ಶಕ್ತಿ ಕಡಿಮೆಯಾಗಬಹುದು, ನಗು ಸ್ವಲ್ಪ ಸೊಟ್ಟ ಆಗಬಹುದು. ಪದೇಪದೇ ಮಾಡಿಸಿದರೆ ದವಡೆ ಮೂಳೆ ತೆಳುವಾಗಬಹುದೇ ಎಂಬ ಆತಂಕವೂ ತಜ್ಞರಲ್ಲಿದೆ. ಬೇರೆಲ್ಲ ಮಾಡಿ ಸೋತ ಮೇಲೆ ಯೋಚಿಸಬೇಕಾದದ್ದು ಇದು, ಮುಖ ತೆಳ್ಳಗೆ ಕಾಣಲಿ ಅಂತ ಅಲ್ಲ. ಮೆಗ್ನೀಸಿಯಂ ಮಾತ್ರೆಯ ಬಗ್ಗೆ ಮಾತು ಜಾಸ್ತಿ, ಗಟ್ಟಿ ಪುರಾವೆ ಇಲ್ಲ. ಹಲ್ಲು ಕಚ್ಚುವುದಕ್ಕೆಂದೇ ಕೀಲಿನ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ.

ಮಕ್ಕಳಾದರೆ

ಹಲ್ಲು ಕಡಿಯುವುದು ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ. ಸದ್ದು ಕೇಳಿದರೆ ತಂದೆತಾಯಿಗೆ ಎದೆ ಝಲ್ಲೆನ್ನುತ್ತದೆ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿಯೇ ಕಡಿಮೆಯಾಗುತ್ತದೆ. ದವಡೆ ಬೆಳೆಯುತ್ತಿರುವುದರಿಂದ ಸಾಮಾನ್ಯವಾಗಿ ಗಾರ್ಡ್ ಕೊಡುವುದಿಲ್ಲ. ಹೊಟ್ಟೆಯಲ್ಲಿ ಹುಳ ಇದ್ದರೆ ಹಲ್ಲು ಕಡಿಯುತ್ತಾರೆ ಅಂತ ಕೇಳಿರುತ್ತೀರಿ ಅಲ್ವಾ? ಹಲ್ಲು ಕಡಿಯುವುದೊಂದನ್ನೇ ನೋಡಿ ಹುಳದ ಔಷಧಿ ಕೊಡಬೇಕಿಲ್ಲ. ಗಮನಿಸಬೇಕಾದದ್ದು ಗೊರಕೆ ಮತ್ತು ಬಾಯಿ ತೆರೆದು ಮಲಗುವುದು. ಇವಿದ್ದರೆ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿದೆಯೇ ಅಂತ ಡಾಕ್ಟರಿಗೆ ತೋರಿಸಿ.

ಎಷ್ಟು ದಿನ ನೋಡಬೇಕು

ಎಲ್ಲವನ್ನೂ ಒಂದೇ ದಿನ ಶುರುಮಾಡಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಮೊದಲ ಎರಡು ವಾರ ಬರೀ ಪಟ್ಟಿ ಮತ್ತು ಹಗಲಿನ ಸ್ಟಿಕ್ಕರ್. ಮುಂದಿನ ಎರಡು ವಾರ ಸಂಜೆಯ ಬದಲಾವಣೆ, ಬಿಸಿ ಶಾಖ, ವ್ಯಾಯಾಮ. ಹಲ್ಲು ಒಡೆಯುತ್ತಿದ್ದರೆ ಮಾತ್ರ ಗಾರ್ಡ್‌ಗೆ ಕಾಯಬೇಡಿ, ಅದನ್ನು ಮೊದಲ ವಾರವೇ ಮಾಡಿಸಿ.

ಅಳೆಯಬೇಕಾದದ್ದು ‘ಕಚ್ಚುವುದು ನಿಂತಿತೇ’ ಎಂಬುದನ್ನಲ್ಲ. ಅದನ್ನು ಮನೆಯಲ್ಲಿ ತಿಳಿಯಲು ಆಗುವುದೂ ಇಲ್ಲ. ಬೆಳಗಿನ ನೋವಿನ ಅಂಕಿ ಇಳಿದಿದೆಯೇ, ತಲೆನೋವಿನ ದಿನಗಳು ಕಡಿಮೆಯಾಗಿವೆಯೇ, ಮೂರನೇ ಬೆರಳು ಈಗ ಹಿಡಿಯುತ್ತದೆಯೇ ನೋಡಿ. ನಡುವೆ ಒಂದು ವಾರ ಕೆಲಸದ ಒತ್ತಡಕ್ಕೆ ನೋವು ಮತ್ತೆ ಏರಿದರೆ ಮಾಡಿದ್ದೆಲ್ಲ ವ್ಯರ್ಥವಾಗಿಲ್ಲ. ಇದು ಏರಿಳಿಯುವ ತೊಂದರೆಯೇ. ಎರಡು ತಿಂಗಳಾದರೂ ಪಟ್ಟಿಯಲ್ಲಿ ಬದಲಾವಣೆ ಇಲ್ಲದಿದ್ದರೆ ಆ ಪಟ್ಟಿ, ನಿಮ್ಮ ಮಾತ್ರೆಗಳ ಚೀಟಿ, ಇದ್ದರೆ ಗಾರ್ಡ್ ಕೂಡ ತೆಗೆದುಕೊಂಡು, ದವಡೆ ಕೀಲು ಮತ್ತು ಮುಖದ ನೋವನ್ನು ನೋಡುವ ತಜ್ಞರ ಹತ್ತಿರ ಹೋಗಿ. ಬಾಯಿಯ ಸ್ನಾಯುಗಳ ಬಗ್ಗೆ ತಿಳಿದಿರುವ ಫಿಸಿಯೋಥೆರಪಿಸ್ಟ್ ಯಾರಿದ್ದಾರೆ ಎಂದು ಅವರನ್ನೇ ಕೇಳಿ.